ಐದನೆಯವಳನ್ನು ನೋಡಿದವರು

ನಾನು ನಿಮ್ಮಷ್ಟೇ ಎತ್ತರವಿದ್ದ ಕಾಲದಲ್ಲಿ ನಾವು ಮ್ಯಾನ್‌ಹೈಮ್‌ನಲ್ಲಿದ್ದೆವು. ನೆಕ್ಕರ್ ನದಿಯ ಹತ್ತಿರ ಒಂದು ಹಳೆಯ ಕಟ್ಟಡ. ಅದರ ಮೂರನೆಯ ಮಹಡಿಯಲ್ಲಿ ಅಪ್ಪ, ಅಮ್ಮ, ಅಕ್ಕ ಮತ್ತು ನಾನು. ಅಕ್ಕ ಎಂದರೆ ನಿಮ್ಮ ಅಮ್ಮ. ಅವಳಿಗೆ ಆಗ ಹದಿಮೂರು, ನನಗೆ ಒಂಬತ್ತು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಬಂಗಾಳಿ ಡಾಕ್ಟರ್ ಇದ್ದರು. ಅವರ ತಾಯಿ ಕೋಲ್ಕತ್ತಾದಿಂದ ಬಂದು ಮಗಳ ಜೊತೆ ಉಳಿದಿದ್ದರು. ಎಪ್ಪತ್ತು ದಾಟಿದ ಅವರನ್ನು ನಾವು ಅಜ್ಜಿ ಎಂದು ಕರೆಯಲು ಹೋದಾಗ ಅವರು ಒಪ್ಪಲಿಲ್ಲ. ಆಟದ ಮೈದಾನದಲ್ಲಿ ಎಲ್ಲರೂ ಅವರನ್ನು ದೀದಿ ಎನ್ನುತ್ತಿದ್ದರಂತೆ, ಅಂದರೆ ಅಕ್ಕ. ಹಾಗಾಗಿ ಅಪ್ಪನಿಗೂ ಅವರು ದೀದಿ, ನನಗೂ ದೀದಿ.

ಅವರ ಪರಿಚಯವಾದದ್ದು ಒಂದು ದೂರಿನಿಂದ. ಮಧ್ಯಾಹ್ನದ ರೂಹೆತ್ಸೈಟ್‌ನಲ್ಲಿ, ಕಟ್ಟಡದಲ್ಲಿ ಯಾರೂ ಸದ್ದು ಮಾಡಬಾರದ ಹೊತ್ತಿನಲ್ಲಿ, ನಾನು ಹಿತ್ತಿಲಿನ ಕಲ್ಲುಹಾಸಿನ ಮೇಲೆ ಸ್ಕಿಪ್ಪಿಂಗ್ ಆಡುತ್ತಿದ್ದೆ. ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ನನ್ನನ್ನು ಮೇಲಕ್ಕೆ ಕರೆತಂದು ಅಮ್ಮನಿಗೆ ದೂರು ಹೇಳಿ ಹೋದರು. ಅವರ ಹಿಂದೆಯೇ ದೀದಿ ಮೆಟ್ಟಿಲು ಹತ್ತಿ ಬಂದರು. ಇವರೂ ಬೈಯಲು ಬಂದರು ಎಂದುಕೊಂಡು ನಾನು ಅಮ್ಮನ ಬೆನ್ನ ಹಿಂದೆ ಸರಿದೆ. ಅವರು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು, ಎರಡೂ ತುದಿಗೆ ಒಂದೊಂದು ಗಂಟು ಹಾಕಿ ಚಿಕ್ಕದು ಮಾಡಿದರು.

"ಹಗ್ಗ ಉದ್ದ ಇದೆ. ಅದಕ್ಕೇ ಕಾಲು ಸಿಕ್ಕಾಕೊಳ್ತದೆ," ಎಂದರು, ಕನ್ನಡದಲ್ಲಿ. "ನಾಳೆ ನದಿ ಹತ್ರ ಬಾ. ಅಲ್ಲಿ ಯಾರೂ ಮಲಗಿರಲ್ಲ."

ದೀದಿ ಒಂದು ಕಾಲದಲ್ಲಿ ಕೆಲವು ವರ್ಷ ಬೆಂಗಳೂರಿನಲ್ಲಿ ಹುಡುಗಿಯರ ತಂಡಗಳಿಗೆ ಕೋಚ್ ಆಗಿದ್ದರು. ಕನ್ನಡ ಕಲಿತದ್ದು ಮೈದಾನದಲ್ಲಿ. ಹಾಗಾಗಿ ಅವರಿಗೆ ಬರುತ್ತಿದ್ದದ್ದು ಓಡು, ಬಗ್ಗು, ನಿಲ್ಲು, ಬಾರೇ ಎಂಬಂಥ ಕನ್ನಡ. ಬನ್ನಿ, ಕೂತುಕೊಳ್ಳಿ ಎನ್ನುವುದು ಅವರ ನಾಲಗೆಗೆ ಹತ್ತಿರಲೇ ಇಲ್ಲ. ಮೊದಲ ಸಲ ಅಪ್ಪನನ್ನು ಮೆಟ್ಟಿಲ ಮೇಲೆ ಕಂಡಾಗ, "ಏ, ನೀನು ಯಾಕೆ ಬಗ್ಗಿ ನಡೀತೀಯ? ಬೆನ್ನು ನೆಟ್ಟಗೆ ಮಾಡು," ಎಂದಿದ್ದರು. ಅಪ್ಪ ಲ್ಯಾಪ್‌ಟಾಪಿನ ಚೀಲ ಹೊತ್ತುಕೊಂಡೇ ನೆಟ್ಟಗಾದರು. ಆಮೇಲೆ ಎರಡನೆಯ ಮಹಡಿ ದಾಟುವಾಗಲೆಲ್ಲ ಅವರು ನೆಟ್ಟಗೇ ನಡೆಯುತ್ತಿದ್ದರು.

ಚಳಿ ಕಳೆದ ಮೇಲೆ ಸಂಜೆಗಳಲ್ಲಿ ಅಕ್ಕನೂ ನಾನೂ ದೀದಿಯ ಹಿಂದೆ ನದಿಯ ದಂಡೆಯ ಹುಲ್ಲಿಗೆ ಹೋಗತೊಡಗಿದೆವು. ಅಲ್ಲಿ ಆಗ ತಾನೇ ಕತ್ತರಿಸಿದ ಹುಲ್ಲಿನ ವಾಸನೆ ಇರುತ್ತಿತ್ತು, ಯಾರದೋ ಗ್ರಿಲ್‌ನ ಹೊಗೆ ಇರುತ್ತಿತ್ತು. ಸರಕು ಹೊತ್ತ ಉದ್ದನೆಯ ಹಡಗುಗಳು ಗುಡುಗುಡು ಸದ್ದು ಮಾಡುತ್ತ ನಿಧಾನವಾಗಿ ಸಾಗುತ್ತಿದ್ದವು. ದೀದಿ ಹತ್ತಿ ಕುರ್ತಾದ ಕೆಳಗೆ ಟ್ರ್ಯಾಕ್ ಪ್ಯಾಂಟ್ ತೊಟ್ಟು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬರುತ್ತಿದ್ದರು. ಎರಡು ಬೆರಳು ಬಾಯಿಗಿಟ್ಟು ಅವರು ಹಾಕುವ ಶಿಳ್ಳೆಗೆ ಆಚೆ ದಡದ ನಾಯಿಗಳೂ ತಲೆಯೆತ್ತುತ್ತಿದ್ದವು. ಓಟದ ಕೊನೆಯಲ್ಲಿ ಹೇಗೆ ಮುಂದಕ್ಕೆ ಬಾಗಬೇಕು ಎಂಬುದನ್ನು ಅವರು ನನಗೆ ಮತ್ತೆ ಮತ್ತೆ ಮಾಡಿಸಿದರು. "ತಲೆ ಅಲ್ಲ, ಎದೆ. ಗೆರೆಗೆ ಎದೆ ಕೊಡು," ಎನ್ನುತ್ತಿದ್ದರು. ಅಕ್ಕ ಮಾತ್ರ ಎಲ್ಲದಕ್ಕೂ ಜರ್ಮನ್‌ನಲ್ಲಿ "ಯಾ, ಯಾ" ಎಂದು ತನ್ನ ಪಾಡಿಗೆ ಓಡುತ್ತಿದ್ದಳು. ಅವಳಿಗೆ ಹೇಳಿಕೊಡುವುದು ಹೆಚ್ಚೇನೂ ಇರಲಿಲ್ಲ.

ನಾವು ಉಸಿರು ಸುಧಾರಿಸಿಕೊಳ್ಳುವಾಗ ದೀದಿ ತಮ್ಮ ಕಾಲದ ಮಾತು ಆಡುತ್ತಿದ್ದರು. ಹುಡುಗಿಯಾಗಿದ್ದಾಗ ಅವರು ಹರ್ಡಲ್ಸ್ ಓಡಿದ್ದರು, ಹೈಜಂಪ್ ಮಾಡಿದ್ದರು. ಚಳಿಗಾಲ ಬಂತೆಂದರೆ ಹಾಕಿ. ಗೋಲಿನಲ್ಲಿ ನಿಲ್ಲಲು ಬೇರೆ ಯಾರೂ ಒಪ್ಪದ್ದರಿಂದ ಇವರೇ ನಿಂತರು. ಬಾಸ್ಕೆಟ್‌ಬಾಲ್ ಕೋರ್ಟ್ ಹುಡುಗಿಯರಿಗೆ ಸಿಗುತ್ತಿದ್ದದ್ದು ಹುಡುಗರು ಹಾಸಿಗೆಯಿಂದ ಏಳುವ ಮುಂಚೆ ಮಾತ್ರ, ಆದ್ದರಿಂದ ಅದನ್ನು ಬೆಳಗಿನ ಮಂಜಿನಲ್ಲಿ ಕಲಿತರು. ಅಥ್ಲೆಟಿಕ್ಸ್, ಹಾಕಿ, ಬಾಸ್ಕೆಟ್‌ಬಾಲ್, ಈ ಮೂರರಲ್ಲೂ ಅವರು ಬಂಗಾಳದ ಪರವಾಗಿ ಆಡಿದರು. ಹೆಣ್ಣುಮಕ್ಕಳು ಶೂ ಕಟ್ಟುವುದೇ ಅಪರೂಪವಾಗಿದ್ದ ದಿನಗಳವು. ಹಾಕಿ ಸ್ಟಿಕ್ಕನ್ನು ಹಾಸಿಗೆ ಸುರುಳಿಯೊಳಗೆ ಸೇರಿಸಿ ಕಟ್ಟಿಕೊಂಡು ರೈಲು ಹತ್ತುತ್ತಿದ್ದರಂತೆ. ಬೀದಿಯವರು ಅವರ ತಂದೆಯನ್ನು, "ನಿಮ್ಮ ಮಗಳು ಎಲ್ಲಿವರೆಗೆ ಓಡ್ತಾಳಂತೆ?" ಎಂದು ಚುಚ್ಚಿ ಕೇಳಿದರೆ, ತಂದೆ, "ಗೆರೆ ಎಲ್ಲಿದೆಯೋ ಅಲ್ಲಿವರೆಗೆ," ಎಂದು ಹೇಳಿ ಪೇಪರು ಓದುತ್ತಿದ್ದರಂತೆ.

ಓಡುವ ವಯಸ್ಸು ಮುಗಿದ ಮೇಲೆ ದೀದಿ ಕೋಚ್ ಆದರು. ಆಮೇಲೆ ತೀರ್ಪುಗಾರರ ಪರೀಕ್ಷೆ ಪಾಸು ಮಾಡಿ, ಓಟ ಶುರು ಮಾಡುವ ಪಿಸ್ತೂಲು ಹಿಡಿದರು. ಅವರ ಕಡೆ ಅದನ್ನು ಹಿಡಿದ ಮೊದಲ ಹೆಂಗಸು ಅವರೇ. ಗಂಡಸರ ಓಟಕ್ಕೆ ಮೊದಲ ಸಲ ನಿಂತಾಗ ಓಟಗಾರರು ನಕ್ಕರು. ಒಬ್ಬ ಬೇಕೆಂದೇ ಮುಂಚೆ ಜಿಗಿದ. ದೀದಿ ಎಚ್ಚರಿಸಿದರು. ಅವನು ಮತ್ತೆ ಜಿಗಿದ. ಅವನನ್ನು ಮೈದಾನದಿಂದ ಆಚೆ ಕಳಿಸಿದರು. "ಆಮೇಲೆ ಯಾರೂ ನಗ್ಲಿಲ್ಲ," ಎಂದರು ದೀದಿ, ಸಂತೆಯಿಂದ ಸೊಪ್ಪು ತಂದ ಸುದ್ದಿ ಹೇಳುವಂತೆ. ಶಾಲೆಯಲ್ಲಿ ನಾನು ಹೆಚ್ಚು ಮಾತಾಡುವವಳಲ್ಲ. ಆದರೆ ಮರುದಿನ ತರಗತಿಯಲ್ಲಿ ಕೂತಿದ್ದಾಗ, ನಮ್ಮ ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಗೊತ್ತೇ ಎಂದು ಒಳಗೊಳಗೇ ಬೀಗುತ್ತಿದ್ದೆ.

ಆ ವರ್ಷ ನನಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ನಮ್ಮ ಕನ್ನಡ ಸಂಘದವರು ಪ್ರತಿ ಬೇಸಿಗೆಯಲ್ಲಿ ಒಂದು ಮೈದಾನ ಬಾಡಿಗೆಗೆ ಹಿಡಿದು ಮಕ್ಕಳಿಗೆ ಆಟದ ಸ್ಪರ್ಧೆ ಇಡುತ್ತಿದ್ದರು. ಮಕ್ಕಳು ಅಳಬಾರದು, ದೊಡ್ಡವರ ನಡುವೆ ಮನಸ್ತಾಪವಾಗಬಾರದು ಎಂದು ಎಲ್ಲರಿಗೂ ಒಂದೇ ಬಹುಮಾನ, ಒಂದೊಂದು ಪೆನ್ಸಿಲ್ ಡಬ್ಬಿ. ಗೆದ್ದವರು ಯಾರೆಂದು ಗೊತ್ತಾಗುತ್ತಿತ್ತು. ಮಿಕ್ಕವರು ಎಷ್ಟನೆಯವರೆಂದು ಯಾರೂ ಹೇಳುತ್ತಿರಲಿಲ್ಲ. ಹಿಂದಿನ ವರ್ಷ ಓಟ ಮುಗಿಸಿ ಬಂದು ನಾನು ಅಪ್ಪನನ್ನು ಕೇಳಿದ್ದೆ.

"ನಾನು ಎಷ್ಟನೆಯವಳು ಅಪ್ಪ?"

ಅಪ್ಪ ಕ್ಯಾಮೆರಾದ ಹಿಂದಿನಿಂದ ಮುಖ ಹೊರಗೆ ತೆಗೆದು, "ಚೆನ್ನಾಗಿ ಓಡಿದೆ ಪುಟ್ಟಿ," ಎಂದರು.

"ಆದ್ರೆ ಎಷ್ಟನೇದು?"

"ತುಂಬಾ ಚೆನ್ನಾಗಿ ಓಡಿದೆ."

ನನಗೆ ಅದು ಸಾಲಲಿಲ್ಲ. ನಾನು ಗೆಲ್ಲುವವಳಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ಬೇಸರವೂ ಇರಲಿಲ್ಲ. ಆದರೆ ನಾನು ಗೆರೆ ದಾಟಿದ್ದು ನಿಜವಾಗಿದ್ದರೆ ಅದಕ್ಕೊಂದು ಸ್ಥಾನ ಇರಲೇಬೇಕು. ಅದು ಯಾವುದೆಂದು ಯಾರಿಗಾದರೂ ತಿಳಿದಿರಬೇಕು. ಈ ಮಾತನ್ನು ನಾನು ದೀದಿಗೆ ಮಾತ್ರ ಹೇಳಿದೆ. ಅವರು, "ಸರಿ. ಈ ಸಲ ಗೊತ್ತಾಗ್ತದೆ," ಎಂದರು.

ಸ್ಪರ್ಧೆಯ ದಿನ ಬಿಸಿಲು ಜೋರಾಗಿತ್ತು. ಮರದ ನೆರಳಲ್ಲಿ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಪುಳಿಯೋಗರೆ, ಮೊಸರನ್ನ. ದೊಡ್ಡ ಕ್ಯಾನಿನಲ್ಲಿ ಇಂಗು ಹಾಕಿದ ಮಜ್ಜಿಗೆ. ಹುಲ್ಲಿನ ಮೇಲೆ ಸುಣ್ಣದ ಬಿಳಿ ಗೆರೆಗಳು. ದೀದಿಯೇ ಆ ದಿನದ ಮುಖ್ಯ ಅತಿಥಿ. ಸಂಘದ ಅಧ್ಯಕ್ಷರು ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಬಿಳಿ ಬಟ್ಟೆ ಹೊದಿಸಿದ ಕುರ್ಚಿ ತೋರಿಸಿದರು.

"ದೊಡ್ಡವರು ನೀವು. ಆರಾಮಾಗಿ ಕೂತ್ಕೊಳ್ಳಿ ದೀದಿ. ಮಕ್ಕಳು ಆಡೋದು ನೋಡಿ."

"ನೋಡೋಕೇ ಬಂದಿದೀನಿ," ಎಂದರು ದೀದಿ. "ಕೂತ್ರೆ ಕಾಣ್ಸಲ್ಲ." ಶಾಲನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಓಟ ಮುಗಿಯುವ ಗೆರೆಯತ್ತ ನಡೆದರು.

ಅಲ್ಲಿ ಅವರು ಗೆರೆಯ ಎರಡು ಕೊನೆಗೆ ಒಂದೊಂದು ಕೋಲು ನೆಡಿಸಿ, ಅಮ್ಮನ ಹೆಣಿಗೆಯ ಕೆಂಪು ಉಲ್ಲನ್ ದಾರ ಕಟ್ಟಿಸಿದರು. ಗೆರೆಯ ಪಕ್ಕದಲ್ಲಿ ಒಂದು ಉದ್ದನೆಯ ಬೆಂಚು, ಅದರ ಹಿಂದೆ ಊಟದ ಒಂದು ಮೇಜು ಹಾಕಿಸಿದರು. ನೆಲ, ಬೆಂಚು, ಮೇಜು ಸೇರಿ ಮೂರು ಮೆಟ್ಟಿಲಾಯಿತು. ಒಬ್ಬರ ತಲೆ ಇನ್ನೊಬ್ಬರಿಗೆ ಅಡ್ಡ ಬಾರದ ಹಾಗೆ ತೀರ್ಪುಗಾರರು ನಿಲ್ಲುವುದು ಹೀಗೆ ಎಂದರು. ಆಮೇಲೆ ಅಪ್ಪ ಅಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ಹಿಡಿದು ತಂದು ನಿಲ್ಲಿಸಿದರು. ಏಳು ಮಕ್ಕಳ ಓಟಕ್ಕೆ ಏಳು ಜನ. ಒಬ್ಬೊಬ್ಬರಿಗೆ ಒಂದೊಂದೇ ಸ್ಥಾನ. ಎರಡನೆಯ ಸ್ಥಾನ ನೋಡುವವರು ಎರಡನೆಯವರನ್ನು ಮಾತ್ರ ನೋಡಬೇಕು, ಮೊದಲು ಬಂದವರ ಕಡೆ ಕಣ್ಣು ಹಾಯಿಸಬಾರದು. ಅಕ್ಕನ ಕೈಗೆ ಎರಡು ಮರದ ಹಲಗೆ ಕೊಟ್ಟು, ಅವನ್ನು ಬಡಿದು ಓಟ ಶುರು ಮಾಡಲು ಆ ಕೊನೆಗೆ ಕಳಿಸಿದರು.

ಮೊದಲು ಹುಡುಗರ ಓಟ. ಹಲಗೆ ಚಟ್ ಎಂದಿತು, ಹುಡುಗರು ಬಂದರು, ಕೆಂಪು ದಾರ ಕಿತ್ತುಹೋಯಿತು. ದೀದಿ ತೀರ್ಪುಗಾರರ ಎದುರು ನಿಂತರು.

"ಎರಡು ಯಾರು?"

"ಇಬ್ರೂ ಒಟ್ಟಿಗೇ ಬಂದ್ರು ದೀದಿ," ಎಂದರು ಎರಡನೆಯ ಸ್ಥಾನದ ಆಂಟಿ.

"ಯಾರು ಇಬ್ರು?"

"ಎಲ್ರೂ ಹೆಚ್ಚು ಕಡಿಮೆ ಒಟ್ಟಿಗೇ ಬಂದ್ರು ಅನ್ನಿ."

"ಮೂರು?"

"ನಾನು ನಮ್ಮವ್ನನ್ನ ನೋಡ್ತಿದ್ದೆ. ಶೂ ಲೇಸ್ ಬಿಚ್ಚೋಗಿತ್ತು, ಎಲ್ಲಿ ಬೀಳ್ತಾನೋ ಅಂತ."

ನಾಲ್ಕನೆಯ ಸ್ಥಾನದವರು ಅಬ್‌ಸ್ಟಾಟ್‌ನಿಂದ ಕಾರಿನಲ್ಲಿ ಬಂದಿದ್ದ ಒಬ್ಬ ಎಂಜಿನಿಯರ್. ಅವರು ಬೆಂಚಿನಿಂದ ಇಳಿದು ಬಂದು, ಆದಷ್ಟು ಮೆಲ್ಲಗೆ, "ನಾನು ನೋಡಿದೆ ದೀದಿ. ಆದ್ರೆ ಅವ್ರ ಹುಡುಗ ನಾಲ್ಕನೆಯವ್ನು ಅಂತ ನಾನ್ ಹೆಂಗೆ ಹೇಳ್ಲಿ? ಇವತ್ತು ರಾತ್ರಿ ಅವ್ರ ಮನೇಲೇ ಊಟ. ಎರಡನೇದು ಅಂತಲೇ ಇಟ್ಕೊಳ್ಳಿ," ಎಂದರು.

ಕೊನೆಗೆ ಲೆಕ್ಕ ಹಾಕಿದರೆ ಒಬ್ಬ ಹುಡುಗ ಮೊದಲನೆಯವನು, ಉಳಿದವರೆಲ್ಲ ಎರಡನೆಯವರು. ಸುತ್ತ ನಿಂತವರೆಲ್ಲ ನಕ್ಕರು. ಅಧ್ಯಕ್ಷರು ಮೈಕ್ ತೆಗೆದುಕೊಂಡು, "ಎಲ್ಲಾ ಮಕ್ಕಳೂ ಚೆನ್ನಾಗಿ ಓಡಿದ್ದಾರೆ, ಜೋರಾಗಿ ಚಪ್ಪಾಳೆ," ಎಂದರು. ಮುಂದಿನ ಓಟ ನಮ್ಮದು. ಈ ವರ್ಷವೂ ಹೀಗೇ ಆಗುತ್ತದೆ ಎಂದುಕೊಂಡೆ.

ದೀದಿ ನಗಲಿಲ್ಲ, ಬೈಯಲೂ ಇಲ್ಲ. ಕಿತ್ತುಹೋದ ದಾರದ ತುದಿಗಳನ್ನು ಹುಡುಕಿ ಗಂಟು ಹಾಕುತ್ತಲೇ ಮಾತಾಡಿದರು.

"ನನ್ನ ಮೊದಲನೇ ದೊಡ್ಡ ಓಟ. ಹುಡುಗೀರ ಓಟ ಎಲ್ಲಾದಕ್ಕಿಂತ ಕೊನೇಲಿ. ಸಂಜೆ ಆಗಿತ್ತು, ತೀರ್ಪು ಕೊಡೋರು ಟೀ ಕುಡಿಯೋಕೆ ಹೋದ್ರು. ಒಬ್ಬ ಮಾತ್ರ ಇದ್ದ. ಗೆದ್ದ ಹುಡುಗೀನ ನೋಡ್ದ, ಕುರ್ಚಿ ಮಡಚ್ದ. ನಾನು ಎರಡನೇದು. ನಂಗೆ ಗೊತ್ತು. ಎರಡನೇದು ಬಂದವ್ಳೂ ದೆಹಲಿಗೆ ಹೋಗ್ಬೇಕು, ತಂಡದ ಜೊತೆ. ನಾನು ಅವನನ್ನ ಕೇಳ್ದೆ, ನಾನು ಎಷ್ಟನೇದು? ಅವನು ನನ್ನ ತಲೆ ಮೇಲೆ ಕೈ ಇಟ್ಟು, ಚೆನ್ನಾಗಿ ಓಡಿದೆ ಮಗಳೇ, ಅಂದ." ದೀದಿ ಗಂಟನ್ನು ಎಳೆದು ಬಿಗಿ ಮಾಡಿದರು. "ಬೇರೆ ಹುಡುಗಿ ದೆಹಲಿಗೆ ಹೋದ್ಳು. ನಾನು ಒಂದು ವರ್ಷ ಕಾದೆ. ಆ ಮನುಷ್ಯ ಕೆಟ್ಟೋನಲ್ಲ. ನೋಡಿರ್ಲಿಲ್ಲ, ಅಷ್ಟೇ. ಅವತ್ತೇ ಅಂದ್ಕೊಂಡೆ, ಒಂದು ದಿನ ನಾನು ಆ ಕುರ್ಚೀಲಿ ಕೂತ್ಕೋತೀನಿ, ಕೊನೇ ಹುಡುಗಿ ಬರೋವರೆಗೆ ಏಳಲ್ಲ."

ಅಧ್ಯಕ್ಷರು ಮೈಕನ್ನು ಕೆಳಗಿಟ್ಟರು. "ಅದು ದೊಡ್ಡ ಸ್ಪರ್ಧೆ ದೀದಿ. ಇದು ಮಕ್ಕಳದು. ನೀನು ಏಳನೆಯವಳು ಅಂತ ಎಲ್ಲರ ಮುಂದೆ ಹೇಳಿದ್ರೆ ಆ ಮಗು ಅಳಲ್ವಾ?" ಎಂದರು. ಅವರ ಮಗಳೂ ನಮ್ಮ ಓಟದಲ್ಲಿದ್ದಳು, ಜಡೆಗೆ ನೀಲಿ ರಿಬ್ಬನ್ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು.

"ಏಳನೇ ಸ್ಥಾನ ನಿಂದು," ಎಂದರು ದೀದಿ. "ಮೇಜು ಹತ್ತು. ನೀನೇ ನೋಡು."

ರೇಷ್ಮೆ ಜುಬ್ಬ ತೊಟ್ಟಿದ್ದ ಅಧ್ಯಕ್ಷರು ಒಂದು ಗಳಿಗೆ ಹಿಂದೆ ಮುಂದೆ ನೋಡಿ ಮೇಜು ಹತ್ತಿದರು. ಕ್ಯಾಮೆರಾ ಹಿಡಿದು ನಿಂತಿದ್ದ ಅಪ್ಪನಿಗೆ ದೀದಿ, "ಏ, ನೆಟ್ಟಗೆ ನಡಿಯೋನೆ, ಅದನ್ನ ಚೀಲದಲ್ಲಿಡು. ಐದು ನಿಂದು," ಎಂದರು. ಅಪ್ಪ ಬೆಂಚು ಹತ್ತಿದರು. ಎಲ್ಲರಿಗೂ ದೀದಿ ಒಂದೇ ಮಾತು ಹೇಳಿದರು. ಮಗು ನೋಡಬೇಡ. ಈ ಕೋಲಿನಿಂದ ಆ ಕೋಲಿಗೆ ನೋಟ ಕಟ್ಟು. ದಾಟೋ ಎದೆ ಎಣಿಸು. ನಿನ್ನ ಸಂಖ್ಯೆ ಬಂದಾಗ ಬಟ್ಟೆ ಬಣ್ಣ ಹಿಡ್ಕೋ, ಆಮೇಲೆ ಯಾರ ಮಗು ಅಂತ ಕೇಳು.

ನಾವು ಆ ಕೊನೆಗೆ ನಡೆದೆವು. ನನ್ನದು ಹಳದಿ ಅಂಗಿ. ಕಾಲ ಕೆಳಗೆ ಹುಲ್ಲು ಬಿಸಿಯಾಗಿತ್ತು. ಅಕ್ಕ ಹಲಗೆಗಳನ್ನು ಮೇಲೆತ್ತಿ ಹಿಡಿದು, ತಂಗಿಯೆಂಬ ಗುರುತನ್ನೇ ತೋರದೆ, "ಪಾದ ಗೆರೆಯ ಹಿಂದೆ," ಎಂದಳು. ಯಾರೂ ಕೂಗುತ್ತಿರಲಿಲ್ಲ. ಪ್ರತಿ ವರ್ಷ ನಮ್ಮ ಜೊತೆಗೇ ಓಡಿ ಬರುತ್ತಿದ್ದ ಅಮ್ಮಂದಿರು ಈಗ ದೂರದಲ್ಲಿ ಮೂರು ಮೆಟ್ಟಿಲಾಗಿ ನಿಂತಿದ್ದರು. ಅವರು ನಮ್ಮ ಕಡೆ ತಿರುಗಿರಲೂ ಇಲ್ಲ. ಗೆರೆಯನ್ನೇ ನೋಡುತ್ತಿದ್ದರು.

ಹಲಗೆ ಬಡಿಯಿತು. ಓಟದ ನಡುವೆ ಏನಾಯಿತೆಂದು ನನಗೆ ನೆನಪಿಲ್ಲ. ಕೊನೆಯದು ನೆನಪಿದೆ. ನನ್ನ ಎಡಗಡೆ ಒಂದು ಹಸಿರು ಅಂಗಿ ಇತ್ತು, ಸ್ವಲ್ಪ ಮುಂದೆ. ಮುಂದೆ ಹೋದವರು ಆಗಲೇ ನಿಲ್ಲುತ್ತಿದ್ದರು, ದಾರ ಕಿತ್ತು ಬಿದ್ದಿತ್ತು, ಗೆಲುವು ಮುಗಿದೇ ಹೋಗಿತ್ತು. ಆದರೂ ಮೆಟ್ಟಿಲ ಮೇಲಿನ ಮುಖಗಳು ಗೆರೆ ಬಿಟ್ಟು ಕದಲಿರಲಿಲ್ಲ. ನಾನು ಗೆರೆಗೆ ಎದೆ ಕೊಟ್ಟೆ. ಹುಲ್ಲಿನ ಮೇಲೆ ಮೊಣಕಾಲೂರಿ ಬಿದ್ದೆ.

ದೀದಿ ಈ ಸಲ ಕೊನೆಯಿಂದ ಕೇಳಿದರು. "ಏಳು?"

ಮೇಜಿನ ಮೇಲಿದ್ದ ಅಧ್ಯಕ್ಷರು, "ಬಿಳಿ ಅಂಗಿ, ನೀಲಿ ರಿಬ್ಬನ್," ಎಂದರು. ಸ್ವಲ್ಪ ತಡೆದು, "ನಮ್ಮವಳೇ," ಎಂದರು.

ಎಲ್ಲರೂ ಆ ಹುಡುಗಿಯ ಮುಖ ನೋಡಿದರು. ಅವಳು ಅಳಲಿಲ್ಲ. ಏದುಸಿರು ಬಿಡುತ್ತಲೇ, "ಆರನೆಯವಳಿಗಿಂತ ಎಷ್ಟು ಹಿಂದೆ ಇದ್ದೆ ಪಪ್ಪಾ?" ಎಂದು ಕೇಳಿದಳು.

"ಒಂದು ಮೊಳ. ಅಷ್ಟೂ ಇಲ್ಲ," ಎಂದರು ಅವರು, ಕೈ ಚಾಚಿ ತೋರಿಸುತ್ತ.

"ಅಷ್ಟೇನಾ?" ಎಂದಳು ಅವಳು. ಅವಳ ಮುಖ ಅರಳಿದ್ದನ್ನು ನಾನು ಹತ್ತಿರದಿಂದ ನೋಡಿದೆ. ತಾನು ಬಹಳ ಹಿಂದೆ ಉಳಿಯುತ್ತೇನೆಂದು ಅವಳು ಅಷ್ಟು ವರ್ಷವೂ ಅಂದುಕೊಂಡಿದ್ದಳಂತೆ.

"ಆರು?"

"ಹಸಿರು," ಎಂದರು ನನಗೆ ಗೊತ್ತಿಲ್ಲದ ಒಬ್ಬ ಆಂಟಿ, ದೃಢವಾಗಿ.

"ಐದು?"

"ಹಳದಿ," ಎಂದರು ಅಪ್ಪ.

ಅವರು ನನ್ನ ಹೆಸರು ಹೇಳಲಿಲ್ಲ, ನನ್ನ ಮಗಳು ಎನ್ನಲಿಲ್ಲ. ಬೆಂಚಿನ ಮೇಲೆ ನೆಟ್ಟಗೆ ನಿಂತು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ ಹೇಳಿದರು. "ಹಸಿರು ಜೊತೆಗೇ ಇತ್ತು. ಹಳದಿಯ ಎದೆ ಮೊದಲು ಬಂತು, ತಲೆ ಆಮೇಲೆ."

"ಸರಿಯಾಗಿ ನೋಡಿದೀಯ?" ದೀದಿ ಕೇಳಿದರು.

"ನೋಡಿದೀನಿ ದೀದಿ."

ದೀದಿ ನನ್ನತ್ತ ತಿರುಗಿ ಒಂದು ಸಲ ತಲೆಯಾಡಿಸಿದರು. ನದಿಯ ದಂಡೆಯಲ್ಲಿ ಅಷ್ಟು ಸಂಜೆ ಕಲಿತದ್ದು ಒಬ್ಬರ ಕಣ್ಣಿಗೆ ಬಿದ್ದಿತ್ತು. ನಾನು ಹುಲ್ಲಿನ ಮೇಲಿಂದ ಎದ್ದು, ಮೊಣಕಾಲಿನ ಮಣ್ಣು ಒರೆಸಿಕೊಂಡು, ನನ್ನಷ್ಟಕ್ಕೆ ಐದು ಎಂದು ಹೇಳಿಕೊಂಡೆ. ಅಷ್ಟು ಹೆಮ್ಮೆಯ ಸಂಖ್ಯೆಯನ್ನು ನಾನು ಅಲ್ಲಿಯವರೆಗೆ ಹೊಂದಿರಲಿಲ್ಲ.

ಉಳಿದ ಓಟಗಳಿಗೆ ಕರೆಯುವ ಮುಂಚೆಯೇ ದೊಡ್ಡವರು ಬಂದು ಮೆಟ್ಟಿಲ ಮೇಲೆ ನಿಂತರು. ಅಬ್‌ಸ್ಟಾಟ್‌ನ ಎಂಜಿನಿಯರ್ ಆ ಸಂಜೆ ಯಾರ ಮನೆಯಲ್ಲಿ ಊಟವಿತ್ತೋ ಅವರ ಮಗನನ್ನೇ, ಹುಡುಗರ ಓಟ ಮತ್ತೆ ನಡೆದಾಗ ಆರನೆಯ ಸ್ಥಾನಕ್ಕೆ ನಿಂತು, "ಆರು," ಎಂದು ಘೋಷಿಸಿದರು. ಆ ಹುಡುಗನ ತಂದೆ ಕೆಳಗಿನಿಂದ, "ಊಟಕ್ಕೆ ಮಾತ್ರ ಸರಿಯಾದ ಟೈಮಿಗೆ ಬಾ ಗುರು," ಎಂದರು. ಎಲ್ಲ ಮುಗಿದ ಮೇಲೆ ದೀದಿ ಮಜ್ಜಿಗೆಯ ಲೋಟ ಹಿಡಿದು ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂತರು. ಭಾಷಣ ಮಾಡಿ ಎಂದಾಗ, "ಗಂಟಲು ಒಣಗಿದೆ," ಎಂದು ತಪ್ಪಿಸಿಕೊಂಡರು. ಆ ವರ್ಷದ ನಮ್ಮ ಓಟದ ಒಂದು ಫೋಟೋ ಕೂಡ ಯಾರ ಮನೆಯಲ್ಲೂ ಇಲ್ಲ.

ಮುಂದೆ ದೀದಿ ಕೋಲ್ಕತ್ತಾಗೆ ಮರಳಿದರು. ಈಗ ಅವರಿಲ್ಲ. ಬಂಗಾಳದಲ್ಲಿ ಅವರ ಹತ್ತಿರ ಕಲಿತ ಎಷ್ಟೋ ಹುಡುಗಿಯರು ದೊಡ್ಡ ಹೆಸರು ಮಾಡಿದ್ದಾರೆ. ಜರ್ಮನಿಯಲ್ಲಿ ಅವರು ತಯಾರು ಮಾಡಿದ್ದು ಒಬ್ಬ ಐದನೆಯವಳನ್ನು. ಅವರ ಶಿಷ್ಯೆಯರ ಸಾಲಿನಲ್ಲಿ ನನ್ನನ್ನೂ ಸೇರಿಸಿಕೊಳ್ಳಲು ನನಗೆ ಸಂಕೋಚವಿಲ್ಲ.

ನಿಮ್ಮ ರೆನ್ನಿಂಗೆನ್‌ನ ಮೈದಾನ ಬೇರೆ. ಅಲ್ಲಿ ಕೆಂಪು ರಬ್ಬರಿನ ಟ್ರ್ಯಾಕ್ ಇದೆ, ಮಳೆ ಬಂದರೂ ಕಾಲು ಜಾರುವುದಿಲ್ಲ. ನಿಮಗೆ ಮುಳ್ಳಿನ ಶೂ ಇವೆ, ಅಂಗಿಯ ಮೇಲೆ ನಂಬರ್ ಇದೆ, ಬೇಲಿಯುದ್ದಕ್ಕೂ ಮೇಲೆತ್ತಿ ಹಿಡಿದ ಫೋನುಗಳಿವೆ. ಹುಡುಗಿಯರ ಓಟ ಹುಡುಗರ ಓಟದ ಪಕ್ಕದಲ್ಲೇ ನಡೆಯುತ್ತದೆ, ಅದರಲ್ಲಿ ಯಾರಿಗೂ ವಿಶೇಷ ಕಾಣುವುದಿಲ್ಲ. ಗೆರೆಯ ಹತ್ತಿರದ ಯಂತ್ರ ಒಂದೇ ಒಂದು ಎದೆಯನ್ನೂ ತಪ್ಪಿಸಿಕೊಳ್ಳುವುದಿಲ್ಲ. ದೀದಿ ಅದನ್ನು ನೋಡಿದ್ದರೆ ಬಹಳ ಮೆಚ್ಚುತ್ತಿದ್ದರು.

ಮೊನ್ನೆ ಶನಿವಾರ ನಿನ್ನ ಓಟ ಮುಗಿದಾಗ, ನೀನು ಉಸಿರು ಎಳೆದುಕೊಳ್ಳುವ ಮೊದಲೇ ದೊಡ್ಡ ಪರದೆಯ ಮೇಲೆ ನಿನ್ನ ಹೆಸರೂ ಸ್ಥಾನವೂ ಬಂದಿದ್ದವು. ನೀನು ಪರದೆ ನೋಡಲಿಲ್ಲ. ನೇರವಾಗಿ ನಾನು ನಿಂತಿದ್ದ ಬೇಲಿಯ ಹತ್ತಿರ ಓಡಿ ಬಂದು, "ಹಾಸ್ಟ್ ದು ಗೆಸೇನ್, ಚಿಕ್ಕಿ? ನೋಡಿದ್ಯಾ?" ಎಂದು ಕೇಳಿದೆ.

"ನೋಡಿದೆ," ಎಂದೆ. "ಆರನೆಯವಳು. ಕೊನೆಯಲ್ಲಿ ನಿನ್ನ ಬಲಭುಜ ಹಿಂದೆ ಉಳೀತು, ಇಲ್ಲದಿದ್ರೆ ಐದನೆಯವಳನ್ನ ಹಿಡೀತಿದ್ದೆ."

ನಿನ್ನ ತಮ್ಮ ಬೇಲಿಯ ಮೇಲೆ ನೇತಾಡುತ್ತಿದ್ದವನು, "ಗೆದ್ದಿದ್ದು ಯಾರು ಚಿಕ್ಕಿ?" ಎಂದ.

ನನಗೆ ಗೊತ್ತಿರ‍ಲಿಲ್ಲ.